ಮಂಗಳದ ಕಾಲುವೆಗಳು: ಸಾಕ್ಷ್ಯಪರೀಕ್ಷೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಅನ್ಯಗ್ರಹಗಳಲ್ಲಿ ನೀರುಂಟೆ, ಜೀವಿಗಳು ಬಾಳಲು ತಕ್ಕ ಸನ್ನಿವೇಶವುಂಟೆ ಎಂಬ ಪ್ರಶ್ನೆಯನ್ನು ಖಗೋಳವಿಜ್ಞಾನಿಗಳಿಗೆ ಬಿಟ್ಟುಕೊಟ್ಟು ಚರಿತ್ರಕಾರನು ದೂರ ನಿಲ್ಲುವುದು ವಾಡಿಕೆಯಾಗಿದೆ. ಪ್ರಶ್ನೆ ವಿಜ್ಞಾನದ್ದೆಂಬುದು ನಿಜ. ಆದರೆ ಅದನ್ನು ಕೇಳಿದವರೂ ಅದಕ್ಕೆ ಉತ್ತರ ಹೇಳಿದವರೂ ಮನುಷ್ಯರು. ತಮ್ಮ ಕಾಲದ ಭಾಷೆ, ಉಪಕರಣ, ನಿರೀಕ್ಷೆಗಳಿಗೆ ಒಳಪಟ್ಟವರು. ಸಾಕ್ಷ್ಯವು ಹೇಗೆ ಹುಟ್ಟಿತು, ಅದನ್ನು ಯಾರು ನಂಬಿದರು, ಏತಕ್ಕಾಗಿ ನಂಬಿದರು, ಕೊನೆಗೆ ಯಾವ ಪರೀಕ್ಷೆಯಿಂದ ಅದು ಬಿದ್ದುಹೋಯಿತು ಎಂಬುದು ಚರಿತ್ರೆಯ ವಿದ್ಯಾರ್ಥಿಯು ತನ್ನ ಶಾಸ್ತ್ರದ ದೃಷ್ಟಿಯಿಂದಲೇ ವಿಚಾರಿಸಬೇಕಾದ ವಿಷಯ.

ಪ್ರಕೃತ ಲೇಖನದಲ್ಲಿ ಮಂಗಳಗ್ರಹದ ಕಾಲುವೆಗಳ ವಿವಾದವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ. ಈ ವಿವಾದದ ಕಥೆ ಜನಪ್ರಿಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತದೆ: ಇಟಲಿಯ ಜ್ಯೋತಿರ್ವಿದನೊಬ್ಬನು ತೊರೆಗಳಂಥ ಗೆರೆಗಳನ್ನು ಕಂಡನು, ಇಂಗ್ಲಿಷಿಗೆ ಭಾಷಾಂತರಿಸಿದವರು ಅವನ್ನು ಕಾಲುವೆಗಳೆಂದು ತಪ್ಪಾಗಿ ತಿಳಿದರು, ಅಮೆರಿಕದ ಧನಿಕನೊಬ್ಬನು ಆ ತಪ್ಪಿನ ಮೇಲೆ ಒಂದು ನಾಗರಿಕತೆಯನ್ನೇ ಕಟ್ಟಿದನು, ಬಳಿಕ ವಿಜ್ಞಾನವು ಎಲ್ಲವನ್ನೂ ಗುಡಿಸಿಹಾಕಿತು. ಈ ಕಥೆಯಲ್ಲಿ ಎರಡು ದೋಷಗಳಿವೆ. ಭಾಷಾಂತರದ ಮೇಲೆ ಅದು ಹೊರಿಸುವ ಭಾರವನ್ನು ಭಾಷಾಂತರವು ಹೊರಲಾರದು. ಅಲ್ಲದೆ, ಗೆದ್ದ ಪಕ್ಷವು ಮುಂದೆ ತಾನೂ ಅದೇ ಬಗೆಯ ತಪ್ಪಿಗೆ ಸಿಲುಕಿತೆಂಬ ಸಂಗತಿಯನ್ನು ಅದು ಬಿಟ್ಟುಬಿಡುತ್ತದೆ.

೨

ಮಂಗಳದಲ್ಲಿ ನೀರನ್ನು ಕಾಣುವ ಪ್ರವೃತ್ತಿ ಕಾಲುವೆಗಳಿಗಿಂತ ಹಳೆಯದು. ೧೬೫೯ರಲ್ಲಿ ಹೈಗನ್ಸನು ಆ ಗ್ರಹದ ಮೇಲಿನ ಒಂದು ಕಪ್ಪು ಮಚ್ಚೆಯನ್ನು ಚಿತ್ರಿಸಿದ್ದನು. ೧೬೬೬ರಲ್ಲಿ ಕಸೀನಿಯು ಅದರ ದಿನಮಾನ ಸುಮಾರು ೨೪ ಗಂಟೆ ೪೦ ನಿಮಿಷಗಳೆಂದು ಗಣಿಸಿದ್ದನು; ಇದು ಈಗ ತಿಳಿದಿರುವ ಬೆಲೆಗೆ ತೀರ ಸಮೀಪವಾದುದು. ೧೭೮೪ರಲ್ಲಿ ವಿಲಿಯಂ ಹರ್ಷೆಲನು ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಮಂಗಳದ ಅಕ್ಷವು ಭೂಮಿಯದರಂತೆಯೇ ಓರೆಯಾಗಿರುವುದರಿಂದ ಅಲ್ಲಿ ಋತುಗಳಿರುವುವೆಂದೂ, ಧ್ರುವಗಳ ಬಿಳಿಯ ಮಚ್ಚೆಗಳು ಋತುವನ್ನನುಸರಿಸಿ ಹಿಗ್ಗಿ ಕುಗ್ಗುವುದರಿಂದ ಅವು ಹಿಮರಾಶಿಗಳೆಂದೂ ವಾದಿಸಿದನು. ಅಲ್ಲಿಯ ನಿವಾಸಿಗಳ ಸ್ಥಿತಿಯು ಅನೇಕ ವಿಷಯಗಳಲ್ಲಿ ನಮ್ಮದನ್ನು ಹೋಲುವುದೆಂದು ಅವನು ಸೇರಿಸಿದನು.

ಹರ್ಷೆಲನ ತರ್ಕದ ಸ್ವರೂಪ ಗಮನಾರ್ಹವಾದುದು. ದಿನಮಾನ, ಅಕ್ಷದ ಓರೆ, ಮಚ್ಚೆಯ ಹಿಗ್ಗುಕುಗ್ಗು, ಇವು ಅಳೆದು ಕಂಡ ಸಂಗತಿಗಳು. ಮಚ್ಚೆಯು ನೀರಿನ ಹಿಮವೆಂಬುದು ಸಾದೃಶ್ಯದಿಂದ ಬಂದ ಅನುಮಾನ. ನಿವಾಸಿಗಳು ಇರುವರೆಂಬುದು ಆ ಕಾಲದ ವಿದ್ವಾಂಸರಲ್ಲಿ ಸಾಮಾನ್ಯವಾಗಿದ್ದ ನಂಬಿಕೆ. ಮೂರೂ ಒಂದೇ ವಾಕ್ಯಸರಣಿಯಲ್ಲಿ ಸಮಾನ ಗೌರವದಿಂದ ಕುಳಿತಿವೆ. ಮುಂದಿನ ನೂರು ವರ್ಷ ಈ ಮೂರನ್ನೂ ಬೇರ್ಪಡಿಸುವ ಕೆಲಸ ನಡೆಯಲಿಲ್ಲ. ಗ್ರಹದ ಕಪ್ಪು ಪ್ರದೇಶಗಳಿಗೆ ಸಮುದ್ರಗಳೆಂದೂ ಕೆಂಪು ಪ್ರದೇಶಗಳಿಗೆ ಭೂಖಂಡಗಳೆಂದೂ ಹೆಸರಾಯಿತು. ೧೮೬೭ರಲ್ಲಿ ಇಂಗ್ಲೆಂಡಿನ ಹಗಿನ್ಸನೂ ಫ್ರಾನ್ಸಿನ ಜಾನ್ಸೆನನೂ ವರ್ಣಪಟಲದರ್ಶಕದ ಸಹಾಯದಿಂದ ಮಂಗಳದ ವಾಯುಮಂಡಲದಲ್ಲಿ ನೀರಾವಿಯ ಗುರುತನ್ನು ಕಂಡೆವೆಂದು ಪ್ರಕಟಿಸಿದರು. ಆದರೆ ಮಂಗಳದಿಂದ ಬರುವ ಬೆಳಕು ನಮ್ಮ ವಾಯುಮಂಡಲವನ್ನು ದಾಟಿಯೇ ಉಪಕರಣವನ್ನು ಸೇರಬೇಕು. ಇಲ್ಲಿಯ ನೀರಾವಿಯೂ ಅದರ ಮೇಲೆ ತನ್ನ ಗುರುತನ್ನು ಒತ್ತುತ್ತದೆ. ಎರಡನ್ನೂ ವಿಂಗಡಿಸುವ ಉಪಾಯ ಆಗ ಬಲವಾಗಿರಲಿಲ್ಲ.

೩

೧೮೭೭ರ ಸೆಪ್ಟೆಂಬರ್ ತಿಂಗಳಲ್ಲಿ ಮಂಗಳವು ಭೂಮಿಗೆ ಸುಮಾರು ೫.೬ ಕೋಟಿ ಕಿಲೋಮೀಟರುಗಳಷ್ಟು ಸಮೀಪಕ್ಕೆ ಬಂದಿತು. ಮಿಲಾನಿನ ಬ್ರೆರಾ ವೀಕ್ಷಣಾಲಯದ ಜೊವಾನಿ ಸ್ಕಿಯಾಪರೆಲ್ಲಿಯು ೨೨ ಸೆಂಟಿಮೀಟರ್ ವ್ಯಾಸದ ದೂರದರ್ಶಕದಿಂದ ಅದನ್ನು ವೀಕ್ಷಿಸಿ, ಸೂಕ್ಷ್ಮಮಾಪಕದಿಂದ ಸ್ಥಾನಗಳನ್ನು ಅಳೆದು, ಹಿಂದಿನವುಗಳನ್ನೆಲ್ಲ ಮೀರಿಸುವ ಭೂಪಟವೊಂದನ್ನು ರಚಿಸಿದನು. ಎಲಿಸಿಯಂ, ಹೆಲಾಸ್ ಮೊದಲಾಗಿ ಅವನು ಪ್ರಾಚೀನ ಭೂಗೋಳ ಪುರಾಣಗಳಿಂದ ಆಯ್ದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಕೆಂಪು ನೆಲವನ್ನು ಹಾಯ್ದು ಒಂದು ಕಪ್ಪು ಪ್ರದೇಶದಿಂದ ಇನ್ನೊಂದಕ್ಕೆ ಹೋಗುವ ತೆಳುವಾದ ಗೆರೆಗಳನ್ನು ಅವನು ‘ಕನಾಲಿ’ ಎಂದು ಕರೆದನು. ಈ ಪದವನ್ನು ಅವನೇ ಮೊದಲು ಬಳಸಿದವನಲ್ಲ. ರೋಮಿನ ಸೆಕ್ಕಿಯು ೧೮೫೮ರಲ್ಲಿಯೇ ಮಂಗಳದ ಒಂದು ಭಾಗಕ್ಕೆ ‘ಕನಾಲೆ’ ಎಂಬ ಹೆಸರನ್ನು ಕೊಟ್ಟಿದ್ದನು.

ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ತೋಡಿದ ಕಾಲುವೆಯೆಂದೂ ನೈಸರ್ಗಿಕವಾದ ಜಲಮಾರ್ಗವೆಂದೂ ಎರಡರ್ಥಗಳುಂಟು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿದ್ದು, ಬಳಕೆಗೆ ಬಂದದ್ದು ತೋಡಿದ ಕಾಲುವೆಯನ್ನು ಸೂಚಿಸುವ ಪದ. ಸೂಯೆಜ್ ಕಾಲುವೆ ತೆರೆದು (೧೮೬೯) ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲವೆಂಬುದನ್ನು ನೆನೆದರೆ, ಆ ಪದ ಓದುಗರ ಮನಸ್ಸಿನಲ್ಲಿ ಯಾವ ಚಿತ್ರವನ್ನು ಮೂಡಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕನ್ನಡದಲ್ಲಿಯೂ ನಾವು ಇದೇ ದಾರಿಯನ್ನು ಹಿಡಿದಿದ್ದೇವೆ. ತಾನಾಗಿ ಹರಿಯುವುದಕ್ಕೆ ಹಳ್ಳ, ತೊರೆ, ಹೊಳೆ ಎಂಬ ಮಾತುಗಳೂ, ಅಗೆದು ಹರಿಸುವುದಕ್ಕೆ ಕಾಲುವೆ, ನಾಲೆ ಎಂಬ ಮಾತುಗಳೂ ನಮ್ಮಲ್ಲಿವೆ. ‘ಮಂಗಳದ ಕಾಲುವೆ’ ಎಂದ ಕೂಡಲೇ ಅಗೆದವನೊಬ್ಬನು ಇದ್ದಾನೆಂದು ಒಪ್ಪಿದಂತಾಯಿತು. ಪದವು ಇಲ್ಲಿ ಸಂಗತಿಯ ಜೊತೆಗೆ ಅನುಮಾನವನ್ನೂ ಹೊತ್ತು ತರುತ್ತದೆ.

ಇಷ್ಟಾದರೂ ಇಡೀ ವಿವಾದಕ್ಕೆ ಭಾಷಾಂತರವೇ ಕಾರಣವೆಂಬ ಮಾತು ನಿಲ್ಲುವುದಿಲ್ಲ. ಅದಕ್ಕೆ ಮೂರು ಆಧಾರಗಳನ್ನು ಕೊಡಬಹುದು. ಮೊದಲನೆಯದಾಗಿ, ಫ್ರೆಂಚಿನ ‘ಕನಾಲ್’ ಪದಕ್ಕೂ ಇಟಾಲಿಯನ್ನಿನಂತೆ ಎರಡರ್ಥಗಳುಂಟು; ಮೊಜಾಂಬಿಕ್ ಜಲಸಂಧಿಗೂ ಫ್ರೆಂಚರು ಅದೇ ಪದವನ್ನು ಬಳಸುತ್ತಾರೆ. ಆದರೂ ಫ್ರಾನ್ಸಿನ ಫ್ಲಾಮಾರಿಯೋನನು ಬುದ್ಧಿಜೀವಿಗಳ ಕೃತಿಯೆಂಬ ಊಹೆಯತ್ತ ಒಲಿದನು. ಎರಡನೆಯದಾಗಿ, ಸ್ಕಿಯಾಪರೆಲ್ಲಿಯ ಭೂಪಟಗಳಲ್ಲಿಯೇ ಆ ಗೆರೆಗಳು ವರ್ಷವರ್ಷಕ್ಕೆ ಹೆಚ್ಚು ನೇರವಾಗುತ್ತ ಬಂದವು. ಕೆಲವು ಜೋಡಿಗೆರೆಗಳಾಗಿಯೂ ಕಂಡವು. ಪದವನ್ನು ಓದಲಾರದವನಿಗೂ ಚಿತ್ರವು ಅದನ್ನೇ ಹೇಳುತ್ತಿದ್ದಿತು. ಮೂರನೆಯದಾಗಿ, ಸ್ಕಿಯಾಪರೆಲ್ಲಿಯ ನಿಲುವೇ ಒಂದೆಡೆ ನಿಂತುದಲ್ಲ. ೧೮೯೩ರಲ್ಲಿ ಅವನು ಇಂಗ್ಲಿಷ್ ಕಡಲ್ಗಾಲುವೆಯನ್ನೂ ಮೊಜಾಂಬಿಕ್ ಜಲಸಂಧಿಯನ್ನೂ ಉದಾಹರಿಸಿ, ಈ ಗೆರೆಗಳನ್ನು ಗ್ರಹದ ನೈಸರ್ಗಿಕ ವಿಕಾಸದ ಫಲವೆಂದೇ ತಿಳಿಯಬಹುದೆಂದನು. ಎರಡು ವರ್ಷಗಳ ತರುವಾಯ ಮತ್ತೊಂದು ಲೇಖನದಲ್ಲಿ ಮಂಗಳನಿವಾಸಿಗಳ ನೀರಾವರಿ ವ್ಯವಸ್ಥೆ ಹೇಗಿರಬಹುದೆಂದು ವಿಸ್ತಾರವಾಗಿ ಕಲ್ಪಿಸಿದನು. ವರ್ಷಕ್ಕೊಮ್ಮೆ ಹುಚ್ಚಾಡಲು ಅಡ್ಡಿಯಿಲ್ಲವೆಂಬ ಅರ್ಥದ ಲ್ಯಾಟಿನ್ ನಾಣ್ಣುಡಿಯನ್ನು ಅದಕ್ಕೆ ತಲೆಬರಹದ ಬಳಿ ಇಟ್ಟು ಹಾಸ್ಯದ ತೆರೆಯನ್ನೂ ಎಳೆದುಕೊಂಡನು. ಅವನು ತರುಣನಾಗಿದ್ದಾಗ ಟ್ಯೂರಿನ್ನಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದವನೆಂಬುದನ್ನು ಇಲ್ಲಿ ಮರೆಯಬಾರದು.

೪

೧೮೭೭ರಿಂದ ಸುಮಾರು ಒಂಬತ್ತು ವರ್ಷ ಈ ಗೆರೆಗಳು ಬಹುಮಟ್ಟಿಗೆ ಸ್ಕಿಯಾಪರೆಲ್ಲಿಯೊಬ್ಬನ ಸಾಕ್ಷ್ಯವಾಗಿದ್ದವು. ೧೮೮೬ರಲ್ಲಿ ನೀಸ್ ನಗರದ ವೀಕ್ಷಣಾಲಯದಲ್ಲಿ ಪೆರೊಟಾನ್ ಮತ್ತು ತೊಲೋನ್ ಎಂಬವರು ತಾವೂ ಅವನ್ನು ಕಂಡೆವೆಂದರು. ಅಲ್ಲಿಂದ ಮುಂದೆ ಕಂಡವರ ಸಂಖ್ಯೆ ಬೆಳೆಯುತ್ತ ಹೋಯಿತು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮೂಲಕ ೧೯೦೦ರಲ್ಲಿ ಘೋಷಿತವಾದ ಗುಜ್ಮಾನ್ ಬಹುಮಾನದ ನಿಬಂಧನೆ ಆ ಕಾಲದ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. ಅನ್ಯಲೋಕದ ಜೀವಿಗಳೊಡನೆ ಸಂಪರ್ಕವನ್ನು ಸಾಧಿಸಿದವರಿಗೆ ಒಂದು ಲಕ್ಷ ಫ್ರಾಂಕುಗಳು. ಆದರೆ ಮಂಗಳವನ್ನು ಅದರಿಂದ ಹೊರಗಿಡಲಾಗಿದ್ದಿತು, ಅದು ಅತಿ ಸುಲಭವೆಂದು!

ಈ ವಾತಾವರಣದಲ್ಲಿ ಪರ್ಸಿವಲ್ ಲೊವೆಲ್ಲನು (೧೮೫೫–೧೯೧೬) ರಂಗಕ್ಕೆ ಬಂದನು. ಬಾಸ್ಟನ್ನಿನ ಶ್ರೀಮಂತ ಮನೆತನದವನಾದ ಅವನು ಜಪಾನ್ ಕೊರಿಯಗಳಲ್ಲಿ ಸಂಚರಿಸಿ ಗ್ರಂಥಗಳನ್ನು ರಚಿಸಿದ್ದವನು. ೧೮೯೪ರಲ್ಲಿ ಆರಿಜೋನದ ಫ್ಲ್ಯಾಗ್‌ಸ್ಟಾಫಿನಲ್ಲಿ ಸ್ವಂತ ವೆಚ್ಚದಿಂದ ವೀಕ್ಷಣಾಲಯವನ್ನು ಸ್ಥಾಪಿಸಿ, ೧೮೯೫, ೧೯೦೬, ೧೯೦೮ರಲ್ಲಿ ಮಂಗಳವನ್ನು ಕುರಿತು ಮೂರು ಗ್ರಂಥಗಳನ್ನು ಪ್ರಕಟಿಸಿದನು. ಅವನ ವಾದವನ್ನು ಹಗುರಾಗಿ ಕಾಣುವುದು ಇಂದು ಸುಲಭ. ಆದರೆ ಅದು ಕ್ರಮಬದ್ಧವಾದ ವಾದ. ೧೮೯೨ರಲ್ಲಿ ಪಿಕರಿಂಗನು ಕಪ್ಪು ‘ಸಮುದ್ರ’ಗಳನ್ನೂ ಹಾಯ್ದುಹೋಗುವ ಗೆರೆಗಳನ್ನು ಕಂಡಿದ್ದನು. ಗೆರೆಗಳು ಹಾಯುವುದಾದರೆ ಅವು ಸಮುದ್ರಗಳಾಗಲಾರವು. ಆದುದರಿಂದ ಮಂಗಳದಲ್ಲಿ ನೀರು ವಿರಳ. ಗ್ರಹಗಳು ವಯಸ್ಸಾದಂತೆ ಒಣಗುತ್ತವೆ; ಭೂಮಿಗಿಂತ ಚಿಕ್ಕದಾದ ಮಂಗಳವು ಬೇಗ ಒಣಗಿದೆ. ಉಳಿದ ನೀರೆಲ್ಲ ಧ್ರುವಗಳಲ್ಲಿದೆ. ಅದು ಕರಗುವ ಋತುವಿನಲ್ಲಿ ಗೆರೆಗಳು ಕಪ್ಪಾಗುತ್ತವೆ. ಅಂತು, ಧ್ರುವದ ನೀರನ್ನು ಮರುಭೂಮಿಗೆ ತರುವ ನಾಲೆಗಳೂ ಅವುಗಳ ಇಕ್ಕೆಲದ ಬೆಳೆಯೂ ನಮಗೆ ಕಾಣುತ್ತಿವೆ. ಸಾಯುತ್ತಿರುವ ಗ್ರಹದಲ್ಲಿ ನೀರಿಗಾಗಿ ಒಂದಾಗಿ ದುಡಿಯುವ ಜನಾಂಗದ ಈ ಚಿತ್ರವು ಓದುಗರನ್ನು ಸೆರೆಹಿಡಿದುದರಲ್ಲಿ ಆಶ್ಚರ್ಯವಿಲ್ಲ.

ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ಮೊದಲನೆಯದನ್ನು ಅವಲಂಬಿಸಿದೆ: ಗೆರೆಗಳು ನಿಜವಾಗಿಯೂ ಇವೆಯೆ? ಅತ್ಯಂತ ಸಮೀಪಕ್ಕೆ ಬಂದಾಗಲೂ ಮಂಗಳದ ಬಿಂಬದ ಅಡ್ಡಳತೆ ನಮಗೆ ಕಾಣುವುದು ಚಂದ್ರಬಿಂಬದ ಎಪ್ಪತ್ತನೆಯ ಒಂದಂಶದಷ್ಟು. ಆ ಬಿಂಬವೂ ಗಾಳಿಯ ಚಲನೆಯಿಂದ ಸದಾ ನಡುಗುತ್ತಿರುತ್ತದೆ. ವೀಕ್ಷಕನು ಒಂದು ಕ್ಷಣದ ಸ್ಪಷ್ಟ ನೋಟವನ್ನು ನೆನಪಿನಲ್ಲಿಟ್ಟುಕೊಂಡು ಕಾಗದದ ಮೇಲೆ ಇಳಿಸಬೇಕು. ಲೊವೆಲ್ಲನ ಸಹಾಯಕನಾದ ಡಗ್ಲಸನು ದೂರದಲ್ಲಿ ಕೃತಕ ಬಿಂಬಗಳನ್ನಿಟ್ಟು ದೂರದರ್ಶಕದಿಂದ ನೋಡಿ, ಕೆಲವು ಗೆರೆಗಳು ಕಣ್ಣಿನ ಭ್ರಮೆಯಿರಬಹುದೆಂದು ಸಂಶಯಪಟ್ಟನು. ೧೯೦೧ರಲ್ಲಿ ಅವನನ್ನು ಕೆಲಸದಿಂದ ತೆಗೆಯಲಾಯಿತು. ಚರಿತ್ರೆಯ ವಿದ್ಯಾರ್ಥಿಗಳಿಗೆ ಇವನು ಅಪರಿಚಿತನಲ್ಲ: ಮರದ ವಾರ್ಷಿಕ ಉಂಗುರಗಳಿಂದ ಕಾಲನಿರ್ಣಯ ಮಾಡುವ ಶಾಸ್ತ್ರವನ್ನು ಸ್ಥಾಪಿಸಿ, ೧೯೨೯ರಲ್ಲಿ ಅಮೆರಿಕದ ನೈಋತ್ಯಭಾಗದ ಪ್ಯೂಬ್ಲೊ ಅವಶೇಷಗಳಿಗೆ ನಿಶ್ಚಿತ ವರ್ಷಗಳನ್ನು ಕೊಟ್ಟವನು ಇವನೇ.

೫

ವಿರೋಧ ಪಕ್ಷದ ಸಾಕ್ಷ್ಯವು ನಾಲ್ಕು ದಿಕ್ಕುಗಳಿಂದ ಬಂದಿತು.

ಒಂದು, ಇನ್ನೊಬ್ಬ ವೀಕ್ಷಕನ ಮೌನ. ಸ್ಕಿಯಾಪರೆಲ್ಲಿಯು ಗೆರೆಗಳನ್ನು ಕಂಡ ೧೮೭೭ರಲ್ಲಿಯೇ ನಥೇನಿಯಲ್ ಗ್ರೀನನು ಮದೀರಾ ದ್ವೀಪದಿಂದ ಮಂಗಳವನ್ನು ಚಿತ್ರಿಸಿದ್ದನು. ವೃತ್ತಿಯಿಂದ ಚಿತ್ರಕಾರನಾದ ಅವನ ಕೃತಿಯಲ್ಲಿ ಮೃದುವಾದ ಛಾಯೆಗಳಿದ್ದವು, ಗೆರೆಗಳಿರಲಿಲ್ಲ.

ಎರಡು, ಕಣ್ಣಿನ ಪರೀಕ್ಷೆ. ೧೯೦೩ರಲ್ಲಿ ಮಾಂಡರ್ ಮತ್ತು ಇವಾನ್ಸ್ ಎಂಬವರು ಗ್ರೀನಿಚ್ಚಿನ ಶಾಲೆಯೊಂದರ ಬಾಲಕರನ್ನು ಬೇರೆ ಬೇರೆ ದೂರಗಳಲ್ಲಿ ಕೂರಿಸಿ, ಕ್ರಮವಿಲ್ಲದ ಚುಕ್ಕೆ ಛಾಯೆಗಳುಳ್ಳ ಬಿಂಬವನ್ನು ನಕಲು ಮಾಡಿಸಿದರು. ನಡುವಣ ದೂರದಲ್ಲಿ ಕುಳಿತ ಹುಡುಗರಲ್ಲಿ ಹಲವರು ಮೂಲದಲ್ಲಿಲ್ಲದ ನೇರ ಗೆರೆಗಳನ್ನು ಬರೆದರು. ಫ್ಲಾಮಾರಿಯೋನನು ಇದೇ ಪ್ರಯೋಗವನ್ನು ಫ್ರೆಂಚ್ ಬಾಲಕರಿಂದ ಮಾಡಿಸಿದಾಗ ಗೆರೆಗಳು ಬರಲಿಲ್ಲವೆಂಬುದನ್ನೂ ಹೇಳಬೇಕು. ಪ್ರಯೋಗವು ಭ್ರಮೆಯ ಸಾಧ್ಯತೆಯನ್ನು ತೋರಿಸಿತೇ ಹೊರತು ಮಂಗಳದಲ್ಲಿ ನಡೆದುದು ಅದೇ ಎಂದು ಸಿದ್ಧಪಡಿಸಲಿಲ್ಲ.

ಮೂರು, ನೀರಿನ ನೇರವಾದ ಶೋಧನೆ. ೧೮೯೪ರಲ್ಲಿ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ಲನು ಮಂಗಳದ ವರ್ಣಪಟಲವನ್ನು ಚಂದ್ರನ ವರ್ಣಪಟಲದೊಡನೆ ಹೋಲಿಸಿದನು. ಚಂದ್ರನಿಗೆ ವಾಯುಮಂಡಲವಿಲ್ಲ, ಅದರ ಬೆಳಕಿನಲ್ಲಿ ಕಾಣುವ ನೀರಾವಿಯೆಲ್ಲ ಭೂಮಿಯದೇ. ಮಂಗಳದಲ್ಲಿ ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ೧೯೦೮ರಲ್ಲಿ ಲೊವೆಲ್ಲನ ವೀಕ್ಷಣಾಲಯದ ಸ್ಲೈಫರನ ಛಾಯಾಚಿತ್ರಗಳಿಂದ ನೀರಾವಿಯುಂಟೆಂಬ ವಾದ ಮತ್ತೆ ಎದ್ದಾಗ, ಕ್ಯಾಂಬೆಲ್ಲನು ಮರುವರ್ಷ ಸುಮಾರು ೪,೪೦೦ ಮೀಟರ್ ಎತ್ತರದ ವಿಟ್ನಿ ಶಿಖರಕ್ಕೆ ಉಪಕರಣಗಳನ್ನು ಹೊರಿಸಿಕೊಂಡು ಹೋಗಿ, ನಮ್ಮ ವಾಯುಮಂಡಲದ ತೇವದ ಬಹುಭಾಗವನ್ನು ಕೆಳಗೆ ಬಿಟ್ಟು, ಪರೀಕ್ಷೆಯನ್ನು ಪುನಃ ನಡೆಸಿದನು. ಫಲ ಹಿಂದಿನಂತೆಯೇ ಇದ್ದಿತು. ೧೯೦೭ರಲ್ಲಿ ಎಂಬತ್ತು ದಾಟಿದ್ದ ಆಲ್ಫ್ರೆಡ್ ರಸೆಲ್ ವಾಲೇಸನು, ಡಾರ್ವಿನ್ನನೊಡನೆ ವಿಕಾಸವಾದವನ್ನು ಮಂಡಿಸಿದ ಅದೇ ವಾಲೇಸನು, ಲೊವೆಲ್ಲನಿಗೆ ಉತ್ತರವಾಗಿ ಗ್ರಂಥವೊಂದನ್ನು ಬರೆದು, ಅಷ್ಟು ಶೀತವೂ ಗಾಳಿ ತೆಳುವೂ ಆದ ಗ್ರಹದ ಮರುಭೂಮಿಯಲ್ಲಿ ಸಾವಿರಾರು ಮೈಲಿ ತೆರೆದ ನಾಲೆಗಳಲ್ಲಿ ನೀರು ಹರಿಸುವುದು ಬುದ್ಧಿವಂತರ ಲಕ್ಷಣವಲ್ಲವೆಂದು ತೋರಿಸಿದನು.

ನಾಲ್ಕು, ಹೆಚ್ಚು ಬಲವುಳ್ಳ ಉಪಕರಣ. ೧೯೦೯ರ ಸೆಪ್ಟೆಂಬರ್ ೨೦ರಂದು ಆಂತೋನಿಯಾದಿಯು ಪ್ಯಾರಿಸಿನ ಬಳಿಯ ಮ್ಯೂದೋನ್ ವೀಕ್ಷಣಾಲಯದ ೮೩ ಸೆಂಟಿಮೀಟರ್ ದೂರದರ್ಶಕದಲ್ಲಿ, ಗಾಳಿಯು ಅಪೂರ್ವವಾಗಿ ನಿಶ್ಚಲವಾಗಿದ್ದ ಹೊತ್ತಿನಲ್ಲಿ, ಮಂಗಳವನ್ನು ಕಂಡನು. ನೇರ ಗೆರೆಗಳಿರಬೇಕಾದೆಡೆಗಳಲ್ಲಿ ಅಸ್ತವ್ಯಸ್ತವಾದ ಮಚ್ಚೆಗಳೂ ಒಡಕು ಅಂಚುಗಳೂ ಕಂಡವು. ಇವನ ಸಾಕ್ಷ್ಯಕ್ಕೆ ವಿಶೇಷವಾದ ತೂಕವಿರುವುದು ಅವನ ಪೂರ್ವಚರಿತ್ರೆಯಿಂದ: ಹಿಂದೆ ಅವನೂ ತನ್ನ ಚಿತ್ರಗಳಲ್ಲಿ ಕಾಲುವೆಗಳನ್ನು ಬರೆದಿದ್ದವನು. ದೊಡ್ಡ ದೂರದರ್ಶಕವು ಗಾಳಿಯ ಕ್ಷೋಭೆಗೆ ಹೆಚ್ಚು ಸಿಲುಕುವುದೆಂದು ಲೊವೆಲ್ಲನು ಉತ್ತರ ಕೊಟ್ಟನು. ಕೊನೆಯವರೆಗೂ ತನ್ನ ಅಭಿಪ್ರಾಯವನ್ನು ಬದಲಿಸಲಿಲ್ಲ. ೧೯೭೫ರಲ್ಲಿ ಸೇಗನ್ ಮತ್ತು ಫಾಕ್ಸ್ ಎಂಬವರು ಕಾಲುವೆಗಳ ಭೂಪಟವನ್ನು ಗಗನನೌಕೆಯ ಚಿತ್ರಗಳೊಡನೆ ಹೋಲಿಸಿದಾಗ, ಬಹುಪಾಲು ಗೆರೆಗಳ ಕೆಳಗೆ ಅವಕ್ಕೆ ಹೊಂದುವ ಯಾವ ಲಕ್ಷಣವೂ ಇರಲಿಲ್ಲ.

೬

ಕಥೆಯನ್ನು ಇಲ್ಲಿಯೇ ಮುಗಿಸುವುದು ವಾಡಿಕೆ. ಆದರೆ ಇದರ ಉತ್ತರಾರ್ಧ ಪೂರ್ವಾರ್ಧದಷ್ಟೇ ಬೋಧಪ್ರದವಾಗಿದೆ.

೧೯೬೫ರ ಜುಲೈ ತಿಂಗಳಲ್ಲಿ ಮ್ಯಾರಿನರ್–೪ ಎಂಬ ಗಗನನೌಕೆ ಮಂಗಳದ ಬಳಿ ಹಾಯ್ದುಹೋಗುತ್ತ ಇಪ್ಪತ್ತೆರಡರಷ್ಟು ಚಿತ್ರಗಳನ್ನು ಕಳುಹಿಸಿತು. ಅವುಗಳಲ್ಲಿ ಚಂದ್ರನ ಮೇಲಿರುವಂಥ ಕುಳಿಗಳು ಕಂಡವು. ನೆಲಮಟ್ಟದ ವಾಯುಭಾರವು ಅದುವರೆಗೆ ನಂಬಿದ್ದ ೮೫ ಮಿಲಿಬಾರುಗಳ ಬದಲು ೪ರಿಂದ ೭ ಮಿಲಿಬಾರುಗಳೆಂದು ತಿಳಿದುಬಂದಿತು. ನಮ್ಮಲ್ಲಿ ಅದು ಸಮುದ್ರಮಟ್ಟದಲ್ಲಿ ಸುಮಾರು ೧,೦೧೩. ಅಷ್ಟು ಕಡಮೆ ಭಾರದಲ್ಲಿ ನೀರು ದ್ರವವಾಗಿ ನಿಲ್ಲುವುದು ದುರ್ಲಭ; ಹಿಮವು ಕರಗದೆ ನೇರವಾಗಿ ಆವಿಯಾಗುತ್ತದೆ. ಮಂಗಳವು ಎಂದೆಂದಿಗೂ ಒಣ ಪ್ರಪಂಚ, ಚಂದ್ರನ ಮತ್ತೊಂದು ರೂಪ, ಎಂಬ ಅಭಿಪ್ರಾಯ ಬಲವಾಯಿತು. ಆ ಚಿತ್ರಗಳು ಗ್ರಹದ ನೂರರಲ್ಲೊಂದು ಪಾಲನ್ನು ಮಾತ್ರ ಒಳಗೊಂಡಿದ್ದವು. ವಾಯುಭಾರದ ಅಳತೆ ದೃಢವಾದುದು; ಅದರಿಂದ ಗ್ರಹದ ಸಮಗ್ರ ಪೂರ್ವಚರಿತ್ರೆಯನ್ನು ತೀರ್ಮಾನಿಸಿದುದು ಅವಸರ.

೧೯೭೧ರ ನವೆಂಬರಿನಲ್ಲಿ ಮ್ಯಾರಿನರ್–೯ ಮಂಗಳವನ್ನು ಸುತ್ತತೊಡಗಿದಾಗ ಇಡೀ ಗ್ರಹವು ಧೂಳಿನ ಬಿರುಗಾಳಿಯಿಂದ ಮುಸುಕಿದ್ದಿತು. ಧೂಳು ಅಡಗಿದ ಮೇಲೆ ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಬೃಹತ್ ಜ್ವಾಲಾಮುಖಿಗಳು, ಸುಮಾರು ೪,೦೦೦ ಕಿಲೋಮೀಟರ್ ಉದ್ದದ ಕಮರಿ, ಇವುಗಳ ಜೊತೆಗೆ ಕವಲೊಡೆದ ಒಣ ನದೀಪಾತ್ರಗಳು ಕಂಡವು. ಸ್ಕಿಯಾಪರೆಲ್ಲಿಯು ತನ್ನ ಪದಕ್ಕೆ ಕೊಟ್ಟ ಎರಡರ್ಥಗಳಲ್ಲಿ ಒಂದು ಮಂಗಳದಲ್ಲಿ ನಿಜವಾಗಿಯೂ ಇದ್ದಿತು. ಆದರೆ ಅವನು ಗೆರೆ ಬರೆದ ಕಡೆಗಳಲ್ಲಲ್ಲ, ಅವನ ದೂರದರ್ಶಕಕ್ಕೆ ಎಟುಕುವ ಗಾತ್ರದಲ್ಲಿಯೂ ಅಲ್ಲ. ಮಂಗಳವು ಒಮ್ಮೆ ನೀರುಳ್ಳದ್ದಾಗಿದ್ದು ಬಳಿಕ ಒಣಗಿತೆಂಬ ಲೊವೆಲ್ಲನ ಪ್ರತಿಜ್ಞೆಯು, ಅವನು ಕೊಟ್ಟ ಆಧಾರಗಳೆಲ್ಲ ಬಿದ್ದುಹೋದ ಮೇಲೆ, ಬೇರೆ ಆಧಾರಗಳಿಂದ ಎದ್ದುನಿಂತಿತು. ಇದರಿಂದ ಲೊವೆಲ್ಲನ ವಾದ ಸರಿಯೆಂದಾಗುವುದಿಲ್ಲ. ತಪ್ಪಾದ ಸಾಕ್ಷ್ಯದಿಂದ ಸರಿಯಾದ ತೀರ್ಮಾನಕ್ಕೂ ಬರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಆಮೇಲಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೬ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳು ಜೀವಿಗಳನ್ನು ಹುಡುಕಿದವು. ಸರ್ವಸಮ್ಮತವಾದ ಕುರುಹು ದೊರೆಯಲಿಲ್ಲ. ೨೦೦೮ರಲ್ಲಿ ಫೀನಿಕ್ಸ್ ನೌಕೆಯು ಉತ್ತರಧ್ರುವದ ಸಮೀಪದಲ್ಲಿ ಮಣ್ಣನ್ನು ಕೆರೆದಾಗ ಬಿಳಿಯ ಗಟ್ಟಿಗಳು ಕಂಡು, ಕೆಲವೇ ದಿನಗಳಲ್ಲಿ ಆವಿಯಾಗಿ ಮಾಯವಾದವು. ಅವು ನೀರಿನ ಹಿಮ. ಅದೇ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣಗಳು ದೊರೆತುದರಿಂದ ವೈಕಿಂಗ್ ಫಲಿತಾಂಶಗಳನ್ನೇ ಮರಳಿ ಓದಬೇಕಾಯಿತು. ೨೦೧೨ರಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿಯು ಮರುವರ್ಷ ಹಳೆಯ ಕೆರೆಯೊಂದರ ಕೆಸರುಗಲ್ಲನ್ನು ಕೊರೆದು, ಅಲ್ಲಿದ್ದ ನೀರು ಹೆಚ್ಚು ಹುಳಿಯೂ ಹೆಚ್ಚು ಉಪ್ಪೂ ಅಲ್ಲದೆ ಸೂಕ್ಷ್ಮಜೀವಿಗಳು ಬಾಳಬಹುದಾಗಿದ್ದ ನೀರೆಂದು ತೋರಿಸಿತು. ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮಂಗಳಯಾನವು ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳದ ಕಕ್ಷೆಯನ್ನು ಸೇರಿ ೨೦೨೨ರವರೆಗೆ ಸಂಪರ್ಕದಲ್ಲಿದ್ದಿತು. ಅದರ ಐದು ಉಪಕರಣಗಳಲ್ಲಿ ಒಂದು, ಭಾರಜಲಜನಕ ಮತ್ತು ಸಾಧಾರಣ ಜಲಜನಕಗಳ ಪ್ರಮಾಣವನ್ನು ಅಳೆದು ಗ್ರಹದ ನೀರು ಹೇಗೆ ಕಳೆದುಹೋಯಿತೆಂದು ತಿಳಿಯುವ ಉದ್ದೇಶದ್ದು. ಲೊವೆಲ್ಲನು ಕೇಳಿದ ಪ್ರಶ್ನೆಯೇ ಇದು.

ಹಳೆಯ ತಪ್ಪು ಮರುಕಳಿಸುವುದಿಲ್ಲವೆಂದು ಭಾವಿಸಲಾಗದು. ಮಂಗಳದ ಇಳಿಜಾರುಗಳಲ್ಲಿ ಬೇಸಗೆಯಲ್ಲಿ ಉದ್ದವಾಗಿ ಚಳಿಗಾಲದಲ್ಲಿ ಅಳಿಯುವ ಕಪ್ಪು ಗೆರೆಗಳನ್ನು ೨೦೧೧ರಲ್ಲಿ ವರ್ಣಿಸಲಾಯಿತು. ೨೦೧೫ರಲ್ಲಿ ಅವು ಇಂದಿಗೂ ಹರಿಯುವ ಉಪ್ಪುನೀರಿನ ಕುರುಹುಗಳೆಂದು ಪ್ರಕಟವಾಗಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ೨೦೧೭ರಲ್ಲಿ ಮತ್ತೊಂದು ಅಧ್ಯಯನವು, ಒಣ ಮರಳು ಜಾರುವಷ್ಟು ಕಡಿದಾದ ಇಳುಕಲುಗಳಲ್ಲಿಯೇ ಅವು ಕೊನೆಗೊಳ್ಳುವುದರಿಂದ ಮರಳಿನ ಜಾರಿಕೆಯೇ ಅವಕ್ಕೆ ಕಾರಣವಿರಬೇಕೆಂದು ವಾದಿಸಿತು. ಗೆರೆಗಳು ಈ ಸಲ ನಿಜ; ನೀರು ಸಂಶಯಾಸ್ಪದ. ಈ ತಿದ್ದುಪಡಿಗೆ ಎರಡೇ ವರ್ಷ ಹಿಡಿಯಿತೆಂಬುದು, ಕಾಲುವೆಗಳಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿದುದನ್ನು ನೆನೆದರೆ, ಸಮಾಧಾನದ ವಿಷಯ.

೭

ಈ ಚರಿತ್ರೆಯಿಂದ ನಮ್ಮ ಶಾಸ್ತ್ರಕ್ಕೆ ಸಲ್ಲುವ ಮೂರು ಅಂಶಗಳನ್ನು ಹೇಳಿ ಲೇಖನವನ್ನು ಮುಗಿಸಬಹುದು.

ಕಂಡುದಕ್ಕೂ ಅನುಮಾನಿಸಿದುದಕ್ಕೂ ನಡುವಣ ಗೆರೆಯನ್ನು ಅಳಿಸುವುದು ಅನೇಕ ವೇಳೆ ವಾದವಲ್ಲ, ಹೆಸರು. ‘ಕಾಲುವೆ’ ಎಂದಂತೆಯೇ ನಾವು ನಮ್ಮ ಬರಹಗಳಲ್ಲಿ ‘ಸಾಮ್ರಾಜ್ಯ’, ‘ಸಾಮಂತ’, ‘ಕೋಟೆ’ ಎಂಬ ಹೆಸರುಗಳನ್ನು ಇಟ್ಟುಬಿಡುತ್ತೇವೆ. ಮುಂದಿನವರು ಹೆಸರನ್ನೇ ಸಾಕ್ಷ್ಯವಾಗಿ ಉದಾಹರಿಸುತ್ತಾರೆ.

ಸಾಕ್ಷಿಗಳ ಸಂಖ್ಯೆಗಿಂತ ಅವರ ಸ್ವಾತಂತ್ರ್ಯ ಮುಖ್ಯ. ೧೮೮೬ರ ಅನಂತರ ಕಾಲುವೆಗಳನ್ನು ಕಂಡವರಲ್ಲಿ ಬಹುಮಂದಿ ಸ್ಕಿಯಾಪರೆಲ್ಲಿಯ ಭೂಪಟವನ್ನು ಮೊದಲೇ ನೋಡಿದ್ದವರು. ಸವೆದ ಶಾಸನದ ಮುಂದೆ ಕುಳಿತವರಿಗೆ ಇದರ ಅನುಭವ ಉಂಟು. ಹಿಂದಿನವರ ಪಾಠವನ್ನು ಓದಿಕೊಂಡು ಹೋದವನಿಗೆ ಅಳಿದ ಅಕ್ಷರಗಳೂ ಅದರಂತೆಯೇ ಕಾಣತೊಡಗುತ್ತವೆ. ಮೊದಲು ತಾನೇ ಕಲ್ಲನ್ನೂ ಪಡಿಯಚ್ಚನ್ನೂ ಓದಿ, ಆಮೇಲೆ ಹಿಂದಿನ ಪಾಠವನ್ನು ತೆರೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕಾಗಿಯೇ. ಕ್ಯಾಂಬೆಲ್ಲನು ಚಂದ್ರನನ್ನು ಪಕ್ಕದಲ್ಲಿಟ್ಟುಕೊಂಡಂತೆ, ನಮಗೂ ಹೋಲಿಕೆಗೆ ನಿಶ್ಚಿತವಾದ ಮತ್ತೊಂದು ವಸ್ತು ಬೇಕು.

ಕೊನೆಯದಾಗಿ, ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗಬೇಕಾದರೆ ಎಷ್ಟನ್ನು ನೋಡಿದ್ದೇವೆಂಬುದು ಮೊದಲು ತಿಳಿದಿರಬೇಕು. ಮ್ಯಾರಿನರ್–೪ರ ಚಿತ್ರಗಳಲ್ಲಿ ನದೀಪಾತ್ರಗಳಿರಲಿಲ್ಲ. ಅದನ್ನು ಹೇಳಿದವರು ಸುಳ್ಳು ಹೇಳಲಿಲ್ಲ. ನೋಡದೆ ಉಳಿದ ತೊಂಬತ್ತೊಂಬತ್ತು ಪಾಲನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ. ಉತ್ಖನನ ಮಾಡಿದ ಒಂದು ಗುಂಡಿಯಿಂದ ಇಡೀ ಊರಿನ ಚರಿತ್ರೆಯನ್ನು ಹೇಳಹೊರಡುವಾಗ, ಒಂದು ಮನೆತನದ ಕಡತಗಳಿಂದ ಇಡೀ ನಾಡಿನ ಸ್ಥಿತಿಯನ್ನು ವರ್ಣಿಸುವಾಗ, ನಾವು ಅದೇ ಸ್ಥಾನದಲ್ಲಿ ನಿಂತಿರುತ್ತೇವೆ. ಲೊವೆಲ್ಲನು ಇಲ್ಲದ್ದನ್ನು ಕಂಡನು, ಅವನ ಅನಂತರದವರು ಇದ್ದುದನ್ನು ನಿರಾಕರಿಸಿದರು. ಇಬ್ಬರಿಗೂ ಮದ್ದು ಒಂದೇ: ಇನ್ನಷ್ಟು ಸಾಕ್ಷ್ಯ ದೊರೆಯುವವರೆಗೆ ತೀರ್ಮಾನವನ್ನು ತಡೆದಿರಿಸುವ ತಾಳ್ಮೆ.